ತರಗೆಲೆಯ ಕಾಲ

ಸಂಕ್ರಾಂತಿ ಕಳೆದು ಶಿವರಾತ್ರಿ ಹತ್ತಿರವಾಗುವಾಗ ಹಿತ್ತಲಿನ ಮರಗಳು ಎಲೆ ಕಳಚುತ್ತವೆ. ಹೊಂಗೆ ಕೆಲವೇ ದಿನಗಳಲ್ಲಿ ಬರಿದಾಗಿ, ನೋಡನೋಡುತ್ತಿದ್ದಂತೆ ಎಣ್ಣೆ ಸವರಿದಂಥ ಎಳೆಹಸಿರು ತೊಟ್ಟು ನಿಲ್ಲುತ್ತದೆ. ಮಾವು, ಹಲಸುಗಳಿಗೆ ಅಂಥ ಆತುರವಿಲ್ಲ, ವರ್ಷವಿಡೀ ಒಂದೊಂದೇ ಎಲೆ ಬಿಡುತ್ತಿರುತ್ತವೆ. ಬಯಲುಸೀಮೆಯವರು ತರಗೆಲೆ, ಮಲೆನಾಡಿನವರು ದರಗು ಎನ್ನುವ ಈ ಎಲೆರಾಶಿ ಕೈತೋಟದ ವರ್ಷದ ಮೊದಲ ಫಸಲು. ಬಿತ್ತದೆ, ನೀರು ಹೊರದೆ ಕೈಸೇರುವ ಫಸಲು ಇದೊಂದೇ.

ಎಲ್ಲ ಎಲೆಯ ಗುಣವೂ ಒಂದೇ ಅಲ್ಲ. ಹೊಂಗೆ, ಬೇವು, ನುಗ್ಗೆ, ಗೊಬ್ಬರದ ಗಿಡ ಬೇಗ ಕರಗುತ್ತವೆ. ಹೊಂಗೆಯಂತೂ ದ್ವಿದಳ ಜಾತಿಯದು, ಸಾರಜನಕ ಹೆಚ್ಚು. ಗದ್ದೆಗೆ ಹೊಂಗೆ ಸೊಪ್ಪು ತುಳಿಯುತ್ತಿದ್ದ ಹಳೆಯ ಮೈಸೂರಿನ ರೈತರಿಗೆ ಇದು ಗೊತ್ತಿತ್ತು. ಮಾವು, ಹಲಸು, ತೇಗದ ದಪ್ಪ ಎಲೆ ನಿಧಾನ. ನೀಲಗಿರಿ ಮತ್ತು ಗಾಳಿಮರದ ಕಸ ಇನ್ನೂ ನಿಧಾನ. ಬೇಗ ಕರಗುವುದು ಗುಂಡಿಗೆ, ತಡವಾಗಿ ಕರಗುವುದು ಗಿಡದ ಬುಡದ ಹೊದಿಕೆಗೆ ಎಂದು ಮೊದಲೇ ಬೇರೆ ಮಾಡಿಟ್ಟರೆ ಅರ್ಧ ಕೆಲಸ ಮುಗಿಯಿತು.

ಇಷ್ಟು ಸಿರಿಗೆ ಹೆಚ್ಚಿನ ಮನೆಗಳಲ್ಲಿ ಆಗುವ ಗತಿ ಬೆಂಕಿ. ಬೆಳಿಗ್ಗೆ ಆರಕ್ಕೆ ಕಡ್ಡಿಪೊರಕೆಯ ಸದ್ದು, ಏಳಕ್ಕೆ ಹೊಗೆ. ಮರದ ಬುಡಕ್ಕೇ ರಾಶಿ ತಳ್ಳಿ ಕಡ್ಡಿ ಗೀರಿದರೆ ತೊಗಟೆ ಬೇಯುತ್ತದೆ, ಎಲೆಯ ಸಾರಜನಕವೆಲ್ಲ ಗಾಳಿಗೆ ಹೋಗುತ್ತದೆ. ಉಳಿಯುವುದು ಪೊಟ್ಯಾಶ್ ಮತ್ತು ಸುಣ್ಣದ ಅಂಶವಿರುವ ಒಂದು ಹಿಡಿ ಬೂದಿ, ಮೊದಲ ಗಾಳಿಗೋ ಮಳೆಗೋ ಅದೂ ಇಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿ ಬಯಲಿನಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ನಿಷೇಧಿಸಿ 5,000 ರೂಪಾಯಿ, ಭಾರಿ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಗೊತ್ತುಮಾಡಿತು. ಹೊಗೆ ನಿಂತಿಲ್ಲ. ಸುಟ್ಟವರೇ ಮರುವಾರ ನರ್ಸರಿಗೆ ಹೋಗಿ ಚೀಲದ ಗೊಬ್ಬರ, ತೆಂಗಿನ ನಾರಿನ ಪುಡಿ ಕೊಂಡು ತರುತ್ತಾರೆ. ಇದನ್ನು ತೋಟಗಾರಿಕೆ ಎಂದು ಕರೆಯುವುದೇ ತಪ್ಪು.

ಈ ಅಭ್ಯಾಸದ ಬೇರು ಇರುವುದು ಶುಚಿಯ ಕಲ್ಪನೆಯಲ್ಲಿ. ಅಂಗಳ ಗುಡಿಸಿ, ಸಾರಿಸಿ, ರಂಗೋಲಿ ಇಡುವ ಜಾಗ, ಅಲ್ಲಿ ಒಂದು ಎಲೆಯೂ ಇರಬಾರದು ಎನ್ನುವುದು ಸರಿಯೇ. ಅದೇ ನಿಯಮವನ್ನು ಹಿತ್ತಲಿಗೂ ಎಳೆದು ದಾಸವಾಳದ ಬುಡವನ್ನೂ ಕನ್ನಡಿಯಂತೆ ಗುಡಿಸಿಟ್ಟಾಗ ಮಣ್ಣು ಬಿಸಿಲಿಗೆ ಬಿರುಕು ಬಿಡುತ್ತದೆ. ಎರೆಹುಳು ಕೆಳಗಿಳಿಯುತ್ತದೆ. ಎರೆದ ನೀರು ಸಂಜೆಯೊಳಗೆ ಆರುತ್ತದೆ. ಇದೇ ಎಲೆಗಾಗಿ ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಡುವ ಏರ್ಪಾಟು ಬ್ರಿಟಿಷರ ಕಾಲದಲ್ಲೇ ಇತ್ತು. ಅಲ್ಲಿನವರು ಬೆಟ್ಟ ಹತ್ತಿ ಹೊತ್ತು ತಂದ ದರಗು ಕೊಟ್ಟಿಗೆಗೆ ಹೋಗಿ, ದನಗಳ ಕಾಲಡಿ ಹಾಸಾಗಿ, ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತದೆ. ಪೇಟೆಯ ಹಿತ್ತಲಿಗೆ ಅದು ತಾನಾಗಿ ಬಂದು ಬೀಳುತ್ತದೆ.

ಎಲೆ ಸುಡುವ ಬೆಂಗಳೂರಿನ ಹೆಸರಿನಲ್ಲೇ ಒಂದು ಗೊಬ್ಬರದ ಪದ್ಧತಿಯಿದೆ. 1939ರಲ್ಲಿ ಅಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ರೂಪಿಸಿದ್ದು. ಅದಕ್ಕೆ ಮೊದಲು ಆಲ್ಬರ್ಟ್ ಹೊವಾರ್ಡ್ ಇಂದೋರಿನಲ್ಲಿ ಬಳಕೆಗೆ ತಂದ ಕ್ರಮದಲ್ಲಿ ರಾಶಿಯನ್ನು ಮತ್ತೆ ಮತ್ತೆ ಮಗುಚಿ ನೀರು ಚಿಮುಕಿಸಬೇಕಿತ್ತು. ಬೆಂಗಳೂರು ಪದ್ಧತಿಯಲ್ಲಿ ಆ ದುಡಿಮೆಯಿಲ್ಲ. ಅದು ಹುಟ್ಟಿದ್ದು ಪಟ್ಟಣದ ಕಸ ಮತ್ತು ಮಲಕ್ಕಾಗಿ, ಮನೆಯಲ್ಲಿ ಮಲದ ಬದಲು ಸಗಣಿ ಸಾಕು. ಮೂರಡಿ ಆಳದ ಗುಂಡಿಯಲ್ಲಿ ಒಂದು ಗೇಣು ತರಗೆಲೆ, ಅದರ ಮೇಲೆ ಸಗಣಿ ಬಗ್ಗಡ, ಅಡುಗೆಮನೆಯ ಹಸಿ ಕಸ, ಮತ್ತೆ ತರಗೆಲೆ. ಒಣ ಎಲೆಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ, ಹಸಿಯದು ಸೇರದಿದ್ದರೆ ರಾಶಿ ವರ್ಷ ಕಳೆದರೂ ಗರಿಗರಿಯಾಗಿಯೇ ಇರುತ್ತದೆ. ರಾಶಿ ನೆಲಮಟ್ಟಕ್ಕಿಂತ ಮೇಲೇರಿದ ಮೇಲೆ ಎರಡು ವಾರ ಬಿಟ್ಟು ಮಣ್ಣು, ಸಗಣಿ ಕಲಸಿ ಮೆತ್ತಿದರೆ ಮುಗಿಯಿತು. ಶಿವರಾತ್ರಿಗೆ ಮೆತ್ತಿದ ಗುಂಡಿ ದೀಪಾವಳಿಗೆ ಸಿದ್ಧ. ನೀರು ನಿಲ್ಲುವ ಕರಾವಳಿಯಲ್ಲಿ ಗುಂಡಿ ಬೇಡ, ಸೂರಿನ ಕೆಳಗೆ ನೆಲದ ಮೇಲೆಯೇ ರಾಶಿ ಹಾಕಬೇಕು.

ಮಾರ್ಚ್‌ನಿಂದ ಮೇ ತನಕ ಹೊದಿಕೆಯ ಕಾಲ. ಮೊದಲು ಪಾತಿ ತೋಯುವಷ್ಟು ನೀರು, ಆಮೇಲೆ ನಾಲ್ಕು ಬೆರಳು ದಪ್ಪ ಎಲೆ. ಒಣ ನೆಲಕ್ಕೆ ಹೊದಿಸಿದರೆ ಮೇಲೆರೆದ ನೀರನ್ನು ಎಲೆಯೇ ತಡೆಯುತ್ತದೆ. ಕಾಂಡದಿಂದ ಒಂದು ಗೇಣು ಬಿಡಲೇಬೇಕು, ಇಲ್ಲವಾದರೆ ಗೆದ್ದಲು ತೊಗಟೆಗೆ ಹತ್ತುತ್ತದೆ. ಹಾವು ಬರುತ್ತದೆ ಎಂಬ ಭಯಕ್ಕೆ ಉತ್ತರ, ದೊಡ್ಡ ರಾಶಿಯನ್ನು ಬಾಗಿಲಿನಿಂದ ದೂರ ಇಡುವುದು. ಹಾವು ಬರುವುದು ಇಲಿ, ಕಪ್ಪೆಗಾಗಿ. ನಾಲ್ಕು ಬೆರಳಿನ ಹೊದಿಕೆ ಅದಕ್ಕೆ ಮನೆಯಾಗದು.

ಭರಣಿ, ಕೃತ್ತಿಕೆ ಮಳೆಗೆ ಶುಂಠಿ, ಅರಿಸಿನ ನೆಡುವಾಗ ಮಡಿಯ ಮೇಲೆ ಸೊಪ್ಪು ಹೊದಿಸುವುದು ವಾಡಿಕೆ. ಶುಂಠಿಗೆ ನಲವತ್ತು, ತೊಂಬತ್ತು ದಿನಗಳ ಸುಮಾರಿಗೆ ಮತ್ತೆ ಹೊದಿಸುತ್ತಾರೆ. ಮೆಣಸಿನ ಗಿಡ, ಬದನೆಗೆ ಇದು ತಿರುಗುಮುರುಗು: ಮಳೆ ಹಿಡಿದ ಮೇಲೆ ಬುಡದ ಹೊದಿಕೆ ತೆಗೆಯದಿದ್ದರೆ ಕೊಳೆ ತಪ್ಪದು, ಬಸವನಹುಳಕ್ಕೂ ಅಡಗಲು ಜಾಗ.

ದೀಪಾವಳಿಗೆ ಗುಂಡಿಯ ಮುಚ್ಚಿಗೆ ಒಡೆದಾಗ ರಾಶಿ ಕುಸಿದು ತಗ್ಗಾಗಿರುತ್ತದೆ. ಕೈಗೆ ಬರುವುದು ಕಪ್ಪು ಪುಡಿ, ಮೊದಲ ಮಳೆಗೆ ನೆಲದಿಂದೇಳುವ ವಾಸನೆ. ಸಗಣಿಯ ನಾತ ಇನ್ನೂ ಇದ್ದರೆ ತಿಂಗಳು ಕಾಯಬೇಕು. ಜರಡಿ ಹಿಡಿದ ಪುಡಿ ಬೀಜದ ಮಡಿಗೆ, ಜರಡಿಯಲ್ಲಿ ಉಳಿದ ನರ, ಕಡ್ಡಿ ಮುಂದಿನ ಗುಂಡಿಯ ತಳಕ್ಕೆ. ಹಿತ್ತಲೇ ಇಲ್ಲದ ಮನೆಯವರು ಗೋಣಿಚೀಲಕ್ಕೆ ಒದ್ದೆ ಎಲೆ, ಎರಡು ಬೊಗಸೆ ಹಳೆಯ ಗೊಬ್ಬರ ತುಂಬಿ ಬಾಯಿ ಕಟ್ಟಿ ನೆರಳಿನಲ್ಲಿ ಇಡಲಿ, ವಾರಕ್ಕೊಮ್ಮೆ ನೀರು ಚಿಮುಕಿಸಲಿ. ಅದಕ್ಕೂ ಪುರುಸೊತ್ತಿಲ್ಲದವರು ಎಲೆಯನ್ನು ಬಿದ್ದಲ್ಲೇ ಬಿಡಲಿ, ಬೆಂಕಿ ಮಾತ್ರ ಇಡದಿರಲಿ.