ಗಡಿಯಾಚೆ ಒಬ್ಬ ಅಕ್ಕ

ಪರದೇಶಕ್ಕೆ ಹೋಗಬೇಕೆಂದರೆ ಪಾಸ್‌ಪೋರ್ಟು, ವೀಸಾ ಅಂತ ನೂರೆಂಟು ತಾಪತ್ರಯ ಅಲ್ಲವೇ? ನೇಪಾಳಕ್ಕೆ ನಮ್ಮವರಿಗೆ ಅದೊಂದೂ ಬೇಡ ನೋಡಿ. 2014ರ ನವೆಂಬರಿನಲ್ಲಿ ಯಜಮಾನರು, ಮಗಳು, ನಾನು ಗೋರಖಪುರದಿಂದ ಬಸ್ಸು ಹಿಡಿದು ಸೋನೌಲಿಯಲ್ಲಿ ಇಳಿದೆವು. ಮತದಾರರ ಚೀಟಿ ಕೈಯಲ್ಲಿಟ್ಟುಕೊಂಡು ಗಡಿಯನ್ನು ನಡೆದೇ ದಾಟಿದೆವು. ಗಡಿಯಾರವನ್ನು ಮಾತ್ರ ಕಾಲು ಗಂಟೆ ಮುಂದಿಡಬೇಕಾಯಿತು! ಲುಂಬಿನಿಯಲ್ಲಿ ಬುದ್ಧ ಹುಟ್ಟಿದ ಜಾಗ, ಅಶೋಕನ ಕಂಬ ನೋಡಿಕೊಂಡು ಕಠ್ಮಂಡು ಸೇರಿದೆವು.

ಪಶುಪತಿನಾಥನ ಗುಡಿಯ ಹತ್ತಿರ ಒಂದು ಮನೆಯ ಮಹಡಿಯಲ್ಲಿ ಕೋಣೆ ಸಿಕ್ಕಿತು. ಮನೆಯಾಕೆ ನನಗಿಂತ ಹತ್ತು ವರ್ಷ ದೊಡ್ಡವರು. ಕೊರಳಲ್ಲಿ ಹಸಿರು ಮಣಿಸರ. ಅದಕ್ಕೆ 'ಪೋತೆ' ಅನ್ನುತ್ತಾರೆ; ನಮ್ಮ ಕರಿಮಣಿಯ ಹಾಗೆ ಅಲ್ಲಿ ಮುತ್ತೈದೆಯರ ಗುರುತು. ನಾನು 'ದಿದಿ' ಅಂದೆ, ಅವರು 'ಬಹಿನಿ' ಅಂದರು. ಅಕ್ಕ, ತಂಗಿ ಅಂತ ಅರ್ಥ. ಮಿಕ್ಕದ್ದೆಲ್ಲ ಹರಕುಮುರುಕು ಹಿಂದಿ.

ಮೊದಲ ಸಂಜೆಯೇ ತಟ್ಟೆ ತುಂಬಾ ಅನ್ನ, ಬೇಳೆಸಾರು, 'ಗುಂದ್ರುಕ್' ತಂದರು. ಹುಳಿ ಬರಿಸಿ ಒಣಗಿಸಿದ ಸೊಪ್ಪು ಅದು. ನನ್ನದೋ ಮಡಿಯ ಮನಸ್ಸು. ಅವರ ಒಲೆಯ ಮೇಲೆ ಮಾಂಸವೂ ಬೇಯುತ್ತದೆ ಅಂತ ಗೊತ್ತಿತ್ತು. "ಹಸಿವಿಲ್ಲ" ಅಂದುಬಿಟ್ಟೆ. ಅವರು ಹೋದ ಮೇಲೆ ಊರಿಂದ ತಂದಿದ್ದ ಅವಲಕ್ಕಿ ಕಲಸಿದೆ. ಬಾಗಿಲು ತೆರೆದೇ ಇತ್ತು. ನೀರು ಕೊಡಲು ಬಂದವರು ನೋಡಿದರು. ಏನೂ ಅನ್ನದೆ ಚೊಂಬಿಟ್ಟು ಹೋದರು.

ಆ ರಾತ್ರಿ ಮಗಳಿಗೆ ಕೆಂಡದಂಥ ಜ್ವರ. ದಿದಿ ಬೆಳಗಾಗುವ ತನಕ ಹಣೆಗೆ ತಣ್ಣೀರು ಪಟ್ಟಿ ಹಾಕುತ್ತಾ ಕೂತರು. ಬೆಳಿಗ್ಗೆ ಹೊಸ ಪಾತ್ರೆಯೊಂದನ್ನು ನನ್ನೆದುರೇ ತೊಳೆದು 'ಜಾವ್ಲೋ' ಬೇಯಿಸಿದರು. ಅಕ್ಕಿ, ಬೇಳೆ, ಅರಿಸಿನ ಹಾಕಿದ ನಮ್ಮ ಹುಗ್ಗಿಯೇ! ಹೊಸ ಪಾತ್ರೆ ಯಾಕೆಂದು ಹೇಳಬೇಕೇ? ನಾಚಿಕೆಯಿಂದ ಕುಗ್ಗಿಹೋದೆ. ಮುಂದಿನ ನಾಲ್ಕು ದಿನ ಅವರ ಅಡಿಗೆಮನೆಯಲ್ಲೇ ಕೂತು ಉಂಡೆವು. ಪಶುಪತಿನಾಥನ ಪೂಜೆಗೆ ನಮ್ಮ ಕರ್ನಾಟಕದ ಭಟ್ಟರೇ ಇರುವುದನ್ನು ಅವರೇ ಹೇಳಿ, "ದೇವರಿಗೇ ನಿಮ್ಮವರು ಬೇಕು" ಅಂತ ನಕ್ಕರು. 'ಸೆಲ್ ರೊಟ್ಟಿ' ಕಲಿಸಿದರು: ನೆನೆಸಿದ ಅಕ್ಕಿ ರುಬ್ಬಿ, ಸಕ್ಕರೆ, ತುಪ್ಪ ಬೆರೆಸಿ, ಕಾದ ಎಣ್ಣೆಗೆ ಬಳೆಯಾಕಾರದಲ್ಲಿ ಹುಯ್ದು ಕರಿಯುವುದು. ನೋಡಲು ದೊಡ್ಡ ಕೋಡುಬಳೆಯ ಹಾಗೆ.

2015ರ ಏಪ್ರಿಲ್ 25ರಂದು ಅಲ್ಲಿ ಭೂಕಂಪವಾಯಿತು. ಟೀವಿ ಮುಂದೆ ಕೂತು ಅತ್ತೆ. ಫೋನು ಹತ್ತಲೇ ಇಲ್ಲ. ಆರನೆಯ ದಿನ ದಿದಿಯ ದನಿ ಕೇಳಿತು. ಗೋಡೆ ಬಿದ್ದು ಬಯಲಲ್ಲಿ ಡೇರೆ ಹಾಕಿಕೊಂಡಿದ್ದರು. ಅವರ ಮೊದಲ ಮಾತು ಏನು ಗೊತ್ತೇ? "ಬಹಿನಿ, ಮಗುವಿಗೆ ಮತ್ತೆ ಜ್ವರ ಬರಲಿಲ್ಲ ತಾನೇ?"

ಪ್ರವಾಸ ಹೊರಟಾಗ ಅವಲಕ್ಕಿ ಖಂಡಿತ ಕಟ್ಟಿಕೊಳ್ಳಿ, ಸೋದರಿಯರೇ. ಆದರೆ ಯಾರಾದರೂ ಪ್ರೀತಿಯಿಂದ ತಟ್ಟೆ ತಂದಿಟ್ಟರೆ ಮಾತ್ರ, ನನ್ನ ಹಾಗೆ "ಹಸಿವಿಲ್ಲ" ಅನ್ನಬೇಡಿ.