ಲೀಟರಿನ ಲೆಕ್ಕ

ಮನೆಯಲ್ಲಿ ಲೆಕ್ಕ ತಪ್ಪಿತೆಂದರೆ ಮನುಷ್ಯನು ಕಾರಣಕ್ಕಿಂತ ಮೊದಲು ಕಳ್ಳನನ್ನು ಹುಡುಕುತ್ತಾನೆ. ಹಾಲು ಕಡಿಮೆಯಾದರೆ ಹಾಲಿನವಳು, ಸಕ್ಕರೆ ಕಡಿಮೆಯಾದರೆ ಕೆಲಸದವಳು, ಕಾರಿನ ಪೆಟ್ರೋಲು ಕಡಿಮೆಯಾದರೆ ಚಾಲಕ. ಹೀಗೆ ಆಪಾದಿತರ ಪಟ್ಟಿಯೊಂದು ಪ್ರತಿ ಮನೆಯಲ್ಲಿಯೂ ಮೊದಲೇ ಸಿದ್ಧವಾಗಿರುತ್ತದೆ.

ಮೈಸೂರಿನ ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯರ ಮನೆಯಲ್ಲಿ ನಡೆದುದೂ ಇದೇ. ಸೇವೆಯಲ್ಲಿದ್ದಾಗ ಮೇಷ್ಟರು ಸೋಮವಾರ ಬೆಳಗ್ಗೆ ಕಾರಿನಲ್ಲಿ ಚಾಮರಾಜನಗರಕ್ಕೆ ಹೋಗಿ ಶನಿವಾರ ಹಿಂದಿರುಗುತ್ತಿದ್ದರು. ಒಂದು ಕಡೆಗೆ 60 ಕಿಲೋಮೀಟರಿನಷ್ಟು ದಾರಿ. ಲೀಟರಿಗೆ 18 ಕಿಲೋಮೀಟರು ತಪ್ಪದೆ ದೊರೆಯುತ್ತಿತ್ತು. ನಿವೃತ್ತರಾಗಿ ವರ್ಷ ತುಂಬುವುದರೊಳಗೆ ಅದು 12ಕ್ಕೆ ಇಳಿಯಿತು. ಕಾರು ಅದೇ, ಬಂಕೂ ಅದೇ. ಬದಲಾದುದು ಒಂದೇ ಎಂದು ಅವರಿಗೆ ತೋರಿತು. ಕಣ್ಣು ಮಂಜಾದ ಕಾರಣ ಅವರು ಹೊಸದಾಗಿ ಒಬ್ಬ ಚಾಲಕನನ್ನು ನೇಮಿಸಿಕೊಂಡಿದ್ದರು. ತೀರ್ಪಿಗೆ ಇಷ್ಟು ಸಾಲದೆ?

ಮೇಷ್ಟರು ಸಭ್ಯರು, ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. ಆದರೆ ಬಂಕಿಗೆ ತಾವೂ ಜೊತೆಯಲ್ಲಿ ಹೋಗತೊಡಗಿದರು. ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಕೀಲಿಕೈ ಬೀರುವನ್ನು ಸೇರಿತು. ಐವತ್ತು ದಾಟಿದ ಆ ಚಾಲಕನಿಗೆ ಇದರ ಅರ್ಥ ತಿಳಿಯದಿರಲಿಲ್ಲ. ಅವನು ಮಾತು ಕಡಿಮೆ ಮಾಡಿದನು. ಅಮ್ಮನವರು ಕಾಫಿ ತಂದರೆ, “ಈಗ ತಾನೇ ಆಯ್ತಮ್ಮ” ಎಂದು ಬೇಡವೆನ್ನತೊಡಗಿದನು.

ಹೀಗಿರಲು ತಂಗಿಯ ಮಗಳ ಮದುವೆಗೆಂದು ಚಾಲಕನು ಹದಿನೈದು ದಿನ ಊರಿಗೆ ಹೋದನು. ಕಾರು ನಡೆಸುವ ಕೆಲಸ ಮಗನಿಗೆ ಬಂದಿತು. ಇದೇ ಪರೀಕ್ಷೆಗೆ ತಕ್ಕ ಸಮಯವೆಂದು ಮೇಷ್ಟರು ಕ್ರಮವಾಗಿ ಲೆಕ್ಕವಿಟ್ಟರು. ಟ್ಯಾಂಕು ಪೂರ್ತಿ ತುಂಬಿಸಿ ಕಿಲೋಮೀಟರು ಬರೆದುಕೊಂಡರು. ಮತ್ತೆ ಅದೇ ಬಂಕಿನಲ್ಲಿ ಪೂರ್ತಿ ತುಂಬಿಸಿ, ಓಡಿದ ದೂರವನ್ನು ಎರಡನೆಯ ಸಲ ಹಿಡಿದ ಲೀಟರುಗಳಿಂದ ಭಾಗಿಸಿದರು. ಬಂದ ಉತ್ತರ 11! ಕಳ್ಳನು ಊರಿನಲ್ಲಿರಲಿಲ್ಲ, ಕಳವು ಮಾತ್ರ ಹೆಚ್ಚಾಗಿತ್ತು.

ಮರುದಿನ ಕಾರು ಗ್ಯಾರೇಜಿಗೆ ಹೋಯಿತು. ಮೆಕ್ಯಾನಿಕ್ಕು ಬಾನೆಟ್ಟು ಎತ್ತುವ ಮೊದಲು, “ದಿನಾ ಎಲ್ಲೆಲ್ಲಿಗೆ ಹೋಗ್ತೀರಿ ಸಾರ್?” ಎಂದು ಕೇಳಿದನು. ಬೆಳಗ್ಗೆ ದೇವಸ್ಥಾನ, ಎರಡು ಕಿಲೋಮೀಟರು. ಗಂಟೆಗಳು ಕಳೆದ ಮೇಲೆ ಅಮ್ಮನವರ ಮಂಡಿನೋವಿನ ಚಿಕಿತ್ಸೆ, ಮೂರು ಕಿಲೋಮೀಟರು. ಸಂಜೆ ಮೊಮ್ಮಗಳ ಶಾಲೆ. ತಣ್ಣಗಿರುವ ಎಂಜಿನ್ನು ಕಾಯುವವರೆಗೂ ಹೆಚ್ಚು ಪೆಟ್ರೋಲು ಬೇಡುತ್ತದೆ. ಅದರೊಳಗಿನ ಎಣ್ಣೆಯೂ ಮಂದವಾಗಿರುತ್ತದೆ. ಎರಡು ಕಿಲೋಮೀಟರಿನ ಪಯಣದಲ್ಲಿ ಅದು ಕಾಯುವುದರೊಳಗೆ ದೇವಸ್ಥಾನವೇ ಬಂದುಬಿಡುತ್ತದೆ.

ಶಾಲೆಯ ಬಾಗಿಲಿನಲ್ಲಿ ಇಪ್ಪತ್ತು ನಿಮಿಷ ಏಸಿ ಹಾಕಿಕೊಂಡು ಕಾಯುವುದು ಮೇಷ್ಟರದೇ ಅಪ್ಪಣೆ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು. ನಿಂತು ಉರಿಯುವ ಎಂಜಿನ್ನಿನ ಕಥೆಯೂ ಅದೇ. ಆಗ ಅದು ಎಷ್ಟು ಕಡಿಮೆ ಕುಡಿದರೂ ಓಡಿದ ದೂರ ಸೊನ್ನೆ. ಮಗನ ಪದ್ಧತಿ ಬೇರೆ: ಒಂದು ಸಿಗ್ನಲಿನಿಂದ ಇನ್ನೊಂದಕ್ಕೆ ಹಾರಿ, ಅಲ್ಲಿ ಬ್ರೇಕು ಒತ್ತುವುದು. ಪೆಟ್ರೋಲು ಸುಟ್ಟು ಗಳಿಸಿದ ವೇಗವೆಲ್ಲ ಬ್ರೇಕಿನ ಬಿಸಿಯಾಗಿ ಹೋಗುತ್ತಿತ್ತು. ಚಾಲಕನಿಗಿಂತ ಒಂದು ಕಿಲೋಮೀಟರು ಕಡಿಮೆ ಬಂದುದರ ಗುಟ್ಟು ಇದು.

ಆಮೇಲೆ ಟೈರುಗಳನ್ನು ಅಳೆದರು. 33 ಪೌಂಡು ಇರಬೇಕಾದ ಗಾಳಿ 23 ಇತ್ತು. ಗಾಳಿ ಇಳಿದ ಸೈಕಲ್ಲನ್ನು ತುಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಧರ್ಮಸ್ಥಳದ ಯಾತ್ರೆಗೆಂದು ಮಾಡಿನ ಮೇಲೆ ಕಟ್ಟಿಸಿದ ಕ್ಯಾರಿಯರು ಇನ್ನೂ ಅಲ್ಲಿಯೇ ಇತ್ತು. ಊರಿನೊಳಗೆ ಅದರ ಬಾಧೆ ಅಲ್ಪ. ಆದರೆ 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು ಹೆದ್ದಾರಿಯಲ್ಲಿ ಹಾಗಲ್ಲ. ಗಾಳಿಯ ತಡೆ ವೇಗದ ವರ್ಗದಂತೆ ಏರುವುದರಿಂದ, 60ರ ವೇಗದಲ್ಲಿದ್ದುದು 100ರಲ್ಲಿ ಸುಮಾರು ಎರಡೂಮುಕ್ಕಾಲು ಪಟ್ಟಾಗುತ್ತದೆ.

ಇನ್ನುಳಿದುದು ಪೆಟ್ರೋಲಿನ ಪಾಲು. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಇಥನಾಲ್ ಬೆರೆಯಿತು. ಕಬ್ಬು, ಅಕ್ಕಿ, ಮೆಕ್ಕೆಜೋಳಗಳಿಂದ ತೆಗೆಯುವ ಈ ದ್ರವದ ಶಾಖಶಕ್ತಿ, ಲೀಟರಿಗೆ ಲೀಟರು ಹೋಲಿಸಿದರೆ, ಪೆಟ್ರೋಲಿನ ಮೂರರಲ್ಲಿ ಎರಡು ಪಾಲು. ಆದುದರಿಂದ ಬೆರಕೆಯ ಸತ್ವ ಶುದ್ಧ ಪೆಟ್ರೋಲಿಗಿಂತ ನೂರಕ್ಕೆ ಆರೇಳರಷ್ಟು ಕಡಿಮೆ. ಇದಕ್ಕೆ ಯಾವ ಚಾಲಕನೂ ಹೊಣೆಯಲ್ಲ.

ಟೈರಿಗೆ ಗಾಳಿ ತುಂಬಿತು, ಕ್ಯಾರಿಯರು ಅಟ್ಟ ಸೇರಿತು. ದೇವಸ್ಥಾನ, ಚಿಕಿತ್ಸೆ, ತರಕಾರಿಗಳು ಒಂದೇ ಸುತ್ತಿನಲ್ಲಿ ಮುಗಿಯತೊಡಗಿದವು. ಶಾಲೆಯ ಮುಂದೆ ಎಂಜಿನ್ನು ಮೌನವಾಯಿತು. ಮುಂದಿನ ಲೆಕ್ಕದಲ್ಲಿ ಹದಿನಾಲ್ಕೂವರೆ ಬಂದಿತು. 18 ಮಾತ್ರ ಮರಳಲಿಲ್ಲ. ಅದು ತಡೆಯಿಲ್ಲದ ದೂರದ ದಾರಿಯ ಅಂಕಿ. ದಾರಿ ಬಿಟ್ಟುಹೋದ ಮೇಲೆ ಅಂಕಿ ಮಾತ್ರ ಹೇಗೆ ಉಳಿದೀತು? ಕಾರಿನ ಮೈಲೇಜೆಂಬುದು ಯಂತ್ರದ ಗುಣ ಎಷ್ಟೋ ಅಷ್ಟೇ ಮನೆಯವರ ದಿನಚರಿ ಕೂಡ.

ಈ ನಡುವೆ ಚಾಲಕನು ಮದುವೆ ಮುಗಿಸಿ ಬಂದಿದ್ದನು. ಬಂದ ದಿನ ಕೀಲಿಕೈ ಮತ್ತೆ ಮೊಳೆಯಲ್ಲಿ ತೂಗುತ್ತಿತ್ತು. ಮೇಷ್ಟರು ಎತ್ತಲೋ ನೋಡುತ್ತ, “ಟೈರಿನಲ್ಲಿ ಗಾಳಿ ಕಡಿಮೆ ಇತ್ತಂತೆ ಕಣಪ್ಪ” ಎಂದರು.

“ಯುಗಾದಿಗೆ ಮೊದಲೇ ಹೇಳಿದ್ದೆ ಸಾರ್.”

ಹೇಳಿದ್ದುದು ನಿಜ. ಒಬ್ಬನೇ ಬಂಕಿಗೆ ಹೋಗಲು ನೆಪ ಹುಡುಕುತ್ತಿದ್ದಾನೆಂದು ಭಾವಿಸಿ ಮೇಷ್ಟರು ಆ ಮಾತನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಸಂಶಯವು ಪೆಟ್ರೋಲನ್ನು ಉಳಿಸಲಿಲ್ಲ. ಉಳಿಸಬಹುದಾಗಿದ್ದ ಮಾತನ್ನೇ ಕೇಳಗೊಡಲಿಲ್ಲ.

ಅಂದೂ ಚಾಲಕನು ಕಾಫಿ ಬೇಡವೆಂದನು. ಮರುದಿನವೂ ಹಾಗೆಯೇ. ಅಮ್ಮನವರು ಬೇಸರಿಸದೆ ತರುತ್ತಲೇ ಇದ್ದರು. ವಾರ ಕಳೆದ ಮೇಲೆ ಒಂದು ಬೆಳಗ್ಗೆ ಅವನು ಲೋಟಕ್ಕೆ ಕೈ ನೀಡಿದನು. ತಣ್ಣಗಾದ ಎಂಜಿನ್ನು ಕಾಯಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಮನುಷ್ಯನಿಗೆ ಇನ್ನೂ ಸ್ವಲ್ಪ ಹೆಚ್ಚು.