ಜೂನ್ ನಾಲ್ಕು, ಒಗ್ಗರಣಿ-ಮಿರ್ಚಿ ಮತ್ತು ಅಪ್ಪ

ರಾಜಕೀಯ ಬರೀಬಾರದು ಅಂತ ನನಗೆ ನಾನೇ ಹಾಕಿಕೊಂಡಿದ್ದ ನಿಯಮವನ್ನು ಇವತ್ತು ಮುರೀತಿದ್ದೀನಿ. ಬೈಯೋರು ಬೈಯಬಹುದು :)

2024ರ ಜೂನ್ 4, ಮಂಗಳವಾರ. ಮನೆಯಿಂದಲೇ ಕೆಲಸ ಮಾಡ್ತೀನಿ ಅಂತ ಹೇಳಿ ಮಾನ್ವಿಗೆ ಬಂದಿದ್ದೆ. ಲ್ಯಾಪ್‌ಟಾಪಿನಲ್ಲಿ ಆಫೀಸಿನ ಮೀಟಿಂಗು, ಪಕ್ಕದಲ್ಲಿ ಮೊಬೈಲಿನಲ್ಲಿ ಮತ ಎಣಿಕೆ. ಮ್ಯೂಟ್ ಆಗಿದೆ ಅಂದುಕೊಂಡು "ಹೋತಲೇ!" ಅಂತ ಕೂಗಿಬಿಟ್ಟೆ. ಆ ಕಡೆಯಿಂದ ಮ್ಯಾನೇಜರು, "ಏನ್ ಹೋಯ್ತು, ಸರ್ವರಾ?" ಅಂದರು...

ಹೋಗಿದ್ದು ಬಹುಮತ. ಬೇಕಿದ್ದದ್ದು 272, ಬಿಜೆಪಿ 240ಕ್ಕೆ ನಿಂತಿತ್ತು. ಮಿತ್ರಪಕ್ಷಗಳು ಸೇರಿ 293 ಆಯ್ತು, ಸರ್ಕಾರವೂ ಅವರದೇ ಆಯ್ತು, ಅದೆಲ್ಲ ಸರಿ. ಆದರೆ 2014ರಲ್ಲಿ 44, 2019ರಲ್ಲಿ 52 ಸೀಟಿಗೆ ಕುಸಿದಿದ್ದ ಕಾಂಗ್ರೆಸ್ 99ಕ್ಕೆ ಬಂದಿತ್ತು. ಹತ್ತು ವರ್ಷ ಲೋಕಸಭೆಯಲ್ಲಿ ಅಧಿಕೃತ ವಿರೋಧ ಪಕ್ಷದ ನಾಯಕನೇ ಇರಲಿಲ್ಲ. ಇನ್ನು ಆ ಕಡೆಯಿಂದಲೂ ಯಾರಾದರೂ ಎದ್ದು ನಿಂತು ಕೇಳ್ತಾರೆ ಅನ್ನೋದೇ ನನ್ನ ಖುಷಿ. ನಾನು ಓಟು ಹಾಕಲು ಶುರು ಮಾಡಿದ ಮೇಲೆ ಇಂಥ ಲೋಕಸಭೆ ನೋಡಿಯೇ ಇರಲಿಲ್ಲ.

ನಮ್ಮ ಕಲ್ಯಾಣ ಕರ್ನಾಟಕದ ಕಥೆಯಂತೂ ಪೂರ್ತಿ ಉಲ್ಟಾ. 2019ರಲ್ಲಿ ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳ, ಬಳ್ಳಾರಿ ಐದೂ ಬಿಜೆಪಿಗೆ ಹೋಗಿದ್ದವು, ಈ ಸಲ ಐದೂ ಕಾಂಗ್ರೆಸ್ಸಿಗೆ. ಬೀದರಿನಲ್ಲಿ ಗೆದ್ದ ಸಾಗರ್ ಖಂಡ್ರೆಗೆ 26 ವರ್ಷ. ನನಗಿಂತ ಚಿಕ್ಕವನು, ಆಗಲೇ ಎಂಪಿ! (ನಾನಿನ್ನೂ ಸೀನಿಯರ್ ಎಂಜಿನಿಯರ್ ಆಗೋಕೆ ಕಾಯ್ತಾ ಇದ್ದೆ.) ನಮ್ಮ ರಾಯಚೂರಲ್ಲಿ ನಿವೃತ್ತ ಐಎಎಸ್ ಅಧಿಕಾರಿ ಜಿ. ಕುಮಾರ ನಾಯಕ 79,781 ಮತಗಳಿಂದ ಗೆದ್ದರು.

ಸಂಜೆ ಹೊರಗೆ ಹೋದರೆ ಹಲಗಿ, ಗುಲಾಲು, ಪಟಾಕಿ. ನಾನು ಒಗ್ಗರಣಿ-ಮಿರ್ಚಿ ಕಟ್ಟಿಸಿಕೊಂಡು ಬಂದೆ. ಅಪ್ಪ ಟಿವಿ ಮುಂದೆ ಸುಮ್ಮನೆ ಕೂತಿದ್ದ. ಅವನ ಓಟು ಆ ಕಡೆಯದು. 2019ರಲ್ಲಿ ಮಿರ್ಚಿ ತಂದವನು ಅವನೇ.

"ಖುಷಿ ಪಡು ಪಡು," ಅಂದ. "ನಿಮ್ಮ ಎಂಪಿ ಹೋಗಿ ಅಲ್ಲಿ ವಿರೋಧ ಪಕ್ಷದಾಗ ಕುಂದ್ರತಾನ. ಏಮ್ಸ್ ಎಲ್ಲಿಂದ ತರ್ತಾನ?"

"2019ರಾಗ ಐದಕ್ಕ ಐದೂ ಆಳೋ ಪಕ್ಷದವ್ರೇ ಇದ್ರಲ್ಲಪ್ಪ. ತಂದ್ರೇನು?"

ಅಪ್ಪ ಉತ್ತರ ಕೊಡಲಿಲ್ಲ. ಹೇಳಿದ ಮೇಲೆ ನನಗೇ ಯಾಕೋ ಗೆದ್ದ ಹಾಗೆ ಅನ್ನಿಸಲಿಲ್ಲ.

ಯಾಕಂದರೆ ಏಮ್ಸ್ ಅನ್ನೋದು ನಮ್ಮ ಮನೆಯಲ್ಲಿ ರಾಜಕೀಯ ಅಲ್ಲ. 2014ರ ಏಪ್ರಿಲ್ 17ರಂದು ರಾಯಚೂರಿನಲ್ಲಿ ಮತದಾನ. ಅದಕ್ಕೆ ಎರಡು ದಿನ ಮುಂಚೆ ರಾತ್ರಿ ಅಜ್ಜಿಗೆ ಉಸಿರು ಸಿಗದಂತಾಗಿ ಒಂದು ದವಾಖಾನೆಗೆ ಒಯ್ದರು. ಅಲ್ಲಿ ಕೈಚೆಲ್ಲಿ ಹೈದರಾಬಾದಿಗೆ ಬರೆದುಕೊಟ್ಟರು. ಇನ್ನೂರು ಕಿಲೋಮೀಟರಿಗೂ ಹೆಚ್ಚು ದಾರಿ, ಬಾಡಿಗೆ ಜೀಪು. ಅಪ್ಪ, ಅವ್ವ, ದೊಡ್ಡಪ್ಪ, ಕಾಕಾ ಎಲ್ಲರೂ ಹೋದರು. ಸಿಇಟಿಗೆ ಓದಬೇಕು ಅಂತ ನನ್ನನ್ನು ಬಿಟ್ಟು ಹೋದರು. ಓಟಿನ ದಿನ ಅವರೆಲ್ಲ ಆಸ್ಪತ್ರೆಯ ವರಾಂಡದಲ್ಲಿದ್ದರು. ಅಜ್ಜಿ ವಾಪಸ್ ಬರಲಿಲ್ಲ.

ಮೇ 16ಕ್ಕೆ ಫಲಿತಾಂಶ ಬಂತು. ದೇವದುರ್ಗದ ಕೆ. ಶಿವನಗೌಡ ನಾಯಕರ ವಿರುದ್ಧ ಬಿ.ವಿ. ನಾಯಕರು ಗೆದ್ದದ್ದು ಬರೀ 1,499 ಮತಗಳಿಂದ. ಅಪ್ಪ ಪೇಪರ್ ಮಡಚಿಟ್ಟು ಅಂದಿದ್ದ ಮಾತು ನನಗಿನ್ನೂ ನೆನಪಿದೆ.

"ಒಂದೂವರೆ ಸಾವಿರ. ನಮ್ಮಂಗ ದವಾಖಾನಿಗೆ ಊರು ಬಿಟ್ಟು ಹೋದವ್ರೇ ಅಷ್ಟು ಮಂದಿ ಇರ್ತಾರ ನೋಡು."

ಆಮೇಲೆ ಅಪ್ಪ ಒಂದು ಚುನಾವಣೆಯನ್ನೂ ತಪ್ಪಿಸಿಲ್ಲ, ನನ್ನನ್ನೂ ಬಿಟ್ಟಿಲ್ಲ. 2024ರ ಮೇ 7ಕ್ಕೂ, "ಯಾರಿಗರ ಹಾಕು, ಬಂದು ಹಾಕು" ಅಂತ ಮೂರು ಸಲ ಫೋನ್ ಮಾಡಿದ್ದ. ಬೆಂಗಳೂರಿಂದ ರಾತ್ರಿ ಬಸ್ಸು ಹತ್ತಿ ಬಂದು, ಅಪ್ಪನ ಬೈಕಿನ ಹಿಂದೆ ಕೂತು ಹೋಗಿ, ಅವನ ವಿರುದ್ಧ ಓಟು ಹಾಕಿ ಬಂದೆ. ಬಿಸಿಲು ಎಂಥದಿತ್ತು ಅಂತ ರಾಯಚೂರಿನವರಿಗೆ ಹೇಳಬೇಕಿಲ್ಲ, ಉಳಿದವರಿಗೆ ಹೇಳಿದರೂ ಗೊತ್ತಾಗಲ್ಲ.

ಮಿರ್ಚಿಗೆ ಬರ್ತೀನಿ. ಅವ್ವ ತಟ್ಟೆಯಲ್ಲಿ ಹಾಕಿ ಅಪ್ಪನ ಮುಂದಿಟ್ಟಳು. ಸ್ವಲ್ಪ ಹೊತ್ತು ಮುಟ್ಟಲಿಲ್ಲ. ಆಮೇಲೆ ಒಂದು ತಗೊಂಡು ಕಚ್ಚಿ, "ಎಷ್ಟರಲೆ ಗೆದ್ದಾನ ಅಂದಿ?" ಅಂತ ಕೇಳಿದ. ಹೇಳಿದೆ. ಗೋಡೆಯ ಕ್ಯಾಲೆಂಡರ್ ತೆಗೆದು ಜೂನ್ ಹಾಳೆಯ ಅಂಚಿನಲ್ಲಿ ಪೆನ್ನಿನಿಂದ ಬರೆದ: 79,781.

ರಾಯಚೂರಿಗೆ ಏಮ್ಸ್ ಬೇಕು ಅಂತ 2022ರ ಮೇ 13ರಂದು ಶುರುವಾದ ಧರಣಿ, 2025ರ ಫೆಬ್ರವರಿಯಲ್ಲಿ ಸಾವಿರ ದಿನ ಮುಟ್ಟಿತು. ಆ ವಾರ ಮನೆಗೆ ಫೋನ್ ಮಾಡಿದರೆ ಅಪ್ಪ ಇರಲಿಲ್ಲ. ರಾಯಚೂರಿಗೆ ಹೋಗಿ ಧರಣಿಯಲ್ಲಿ ಕೂತಾನ ಅಂತ ಅವ್ವ ಹೇಳಿದಳು. ರಾತ್ರಿ ಮತ್ತೆ ಮಾಡಿದೆ.

"ಎಂಪಿ ಸಿಕ್ಕಿದ್ರೇನಪ್ಪ?" ಅಂತ ಕಾಡಿಸಿದೆ.

"ಅದೆಲ್ಲ ಇರ್ಲಿ, ಬರೋ ಮುಂದ ಬಸ್ಸಿನ್ಯಾಗ ಸೀಟ್ ಸಿಗಲಿಲ್ಲ ಮಾರಾಯ. ಮಾನ್ವಿ ತನಕ ನಿಂತೇ ಬಂದೆ," ಅಂದ.